ಮದ್ರಾಸ್ ತಾರಸಿ ಮನೆ: ತೊಲೆಯ ತುದಿ ನೋಡದೆ ಮುಂಗಡ ಕೊಡಬೇಡಿ

ಬಸವನಗುಡಿಯಲ್ಲೋ ಮಲ್ಲೇಶ್ವರದಲ್ಲೋ ಬಾಡಿಗೆಗೆ ಬಿಡಲೆಂದು ಹಳೇ ಮನೆ ಕೊಳ್ಳಲು ಹೋದವರ ಕಣ್ಣು ಮೊದಲು ಗೋಡೆಯ ಬಿರುಕಿನ ಮೇಲೆ ಬೀಳುತ್ತದೆ. ದುಡ್ಡು ನುಂಗುವುದು ಮಾತ್ರ ಚಾವಣಿ.

ಸಾಲು ತೊಲೆಗಳ ಮೇಲೆ ತೆಳು ಇಟ್ಟಿಗೆಯನ್ನು ಓರೆಯಾಗಿ, ನಿಲ್ಲಿಸಿ, ಸುಣ್ಣದ ಗಾರೆಯಲ್ಲಿ ಕೂರಿಸಿ, ಮೇಲೆ ಇಟ್ಟಿಗೆ ಚೂರು ಮತ್ತು ಸುಣ್ಣ ಹಾಕಿ ಬಡಿದದ್ದು ಮದ್ರಾಸ್ ತಾರಸಿ. ಇಲ್ಲಿ ಇಟ್ಟಿಗೆಗಿಂತ ಮೊದಲು ಕೆಡುವುದು ಗೋಡೆಯೊಳಗೆ ಹುದುಗಿದ ತೊಲೆಯ ತುದಿ. ಪ್ಯಾರಪೆಟ್ (ತಾರಸಿ ಅಂಚಿನ ಗಿಡ್ಡ ಗೋಡೆ) ಬುಡದಲ್ಲಿ ಇಳಿದ ನೀರು ಅಲ್ಲೇ ನಿಲ್ಲುತ್ತದೆ, ಗಾಳಿ ಆಡುವುದಿಲ್ಲ. ನಡುವಿನ ಮರ ತೇಗದ ಹೊಳಪಿನಲ್ಲೇ ಇದ್ದರೂ ತುದಿ ಹಿಟ್ಟಾಗಿರಬಹುದು.

ಏಣಿ, ಟಾರ್ಚ್, ಸ್ಕ್ರೂಡ್ರೈವರ್ ಸಾಕು. ಪ್ರತಿ ತೊಲೆಯನ್ನೂ ಗೋಡೆ ಸೇರುವಲ್ಲಿ ಎರಡೂ ಕಡೆ ಚುಚ್ಚಿ. ಗಟ್ಟಿ ಮರ ಮೊನೆಯನ್ನು ತಡೆಯುತ್ತದೆ. ಅರ್ಧ ಅಂಗುಲ ಸಲೀಸಾಗಿ ಇಳಿದರೆ ಕೊಳೆತಿದೆ. ತಟ್ಟಿದಾಗ ಟೊಳ್ಳು ಸದ್ದು ಬಂದರೆ ಗೆದ್ದಲಿನ ಮಣ್ಣುಗೆರೆ ಹುಡುಕಿ. ತುದಿಯಿಂದ ತುದಿಗೆ ದಾರ ಎಳೆಯಿರಿ: 12 ಅಡಿಯ ತೊಲೆ ಅಂಗುಲಕ್ಕಿಂತ ಹೆಚ್ಚು ಜೋತಿದ್ದರೆ ಸ್ಟ್ರಕ್ಚರಲ್ ಇಂಜಿನಿಯರನ್ನು ಕರೆಯದೆ ಮುಂದಿನ ಮಾತು ಬೇಡ. ಒಂದೇ ಮೂಲೆಗೆ ಹೊಸ ಬಣ್ಣ ಬಳಿದಿದ್ದರೆ ಅಲ್ಲಿಂದಲೇ ಶುರು ಮಾಡಿ. ಸಾಧ್ಯವಾದರೆ ಜೋರು ಮಳೆಯ ಮರುದಿನ ಹೋಗಿ.

ಆಮೇಲೆ ಮಹಡಿ ಹತ್ತಿ. ಸೋರಿದಾಗಲೆಲ್ಲ ಒಂದು ಪದರ ಸಿಮೆಂಟ್ ಎಳೆಯುವ ಚಾಳಿ ನಮ್ಮಲ್ಲಿದೆ. ಎರಡಂಗುಲದ ಕಾಂಕ್ರೀಟ್ ಪದರ 100 ಚದರಡಿಗೆ ಸುಮಾರು 1.1 ಟನ್ ತೂಗುತ್ತದೆ. ಅಂಥ ಎರಡು ಪದರವಿದ್ದರೆ ಆ ಪುಟ್ಟ ಕೋಣೆಯ ತಲೆಯ ಮೇಲೆ ಎರಡು ಟನ್ನಿಗೂ ಮಿಕ್ಕಿದ ಹೊರೆ! ಸಾಲದ್ದಕ್ಕೆ ಸಿಮೆಂಟ್ ಬಿರುಕಿನಲ್ಲಿ ಇಳಿದ ನೀರು ಸುಲಭಕ್ಕೆ ಆರುವುದಿಲ್ಲ, ಮರವನ್ನೇ ಹಿಡಿಯುತ್ತದೆ. ಡ್ರಿಲ್‌ನಿಂದ ಒಂದು ತೂತು ಕೊರೆದರೆ ಎಷ್ಟು ಪದರವೆಂದು ತಿಳಿಯುತ್ತದೆ. ಮಾಲೀಕರ ಒಪ್ಪಿಗೆ ಕೇಳಿ, ಕೊರೆದ ಮೇಲೆ ಮುಚ್ಚಿ.

ರಿಪೇರಿಯಲ್ಲಿ ಮೊದಲು ಕೆಳಗಿನಿಂದ ಹಲಗೆ ಕೊಟ್ಟು ಕಬ್ಬಿಣದ ಜಾಕಿ ನಿಲ್ಲಿಸಬೇಕು. ಆಮೇಲಷ್ಟೇ ಮೇಲಿನ ಸಿಮೆಂಟನ್ನು ಸಣ್ಣ ಉಳಿಯಿಂದ ಬಿಡಿಸುವುದು. ಬ್ರೇಕರ್ ಯಂತ್ರ ಹಚ್ಚಿದರೆ ಅದರ ಅದುರಾಟಕ್ಕೆ ಇಟ್ಟಿಗೆ ಉದುರುತ್ತದೆ. ಕೊಳೆತ ತುದಿ ಕತ್ತರಿಸಿ, ಎರಡೂ ಪಕ್ಕಕ್ಕೆ ಸ್ಟೀಲ್ ಚಾನೆಲ್ (‘ಸಿ’ ಆಕಾರದ ಉಕ್ಕಿನ ತೊಲೆ) ಬೋಲ್ಟ್ ಮಾಡಬಹುದು. ಅಳತೆ ಇಂಜಿನಿಯರ್ ಕೊಡಲಿ, ಚಾನೆಲ್ ಮಾತ್ರ ಗಟ್ಟಿ ಮರದ ಮೇಲೆ ಕನಿಷ್ಠ ಎರಡಡಿಯಾದರೂ ಚಾಚಿರಬೇಕು. ಒಂದು ಮುಗಿಸಿಯೇ ಇನ್ನೊಂದು ತೊಲೆ. ಗೋಡೆಯ ಗೂಡಿನಲ್ಲಿ ಮರದ ಸುತ್ತ ಅರ್ಧ ಅಂಗುಲ ಜಾಗ ಬಿಡಿ, ಗಾರೆ ತುಂಬಬೇಡಿ.

ಮೇಲ್ಪದರಕ್ಕೆ ಮತ್ತೆ ಸುಣ್ಣವೇ. ಹತ್ತಡಿಗೆ ಎರಡಂಗುಲ ಇಳಿಜಾರು, ಪ್ಯಾರಪೆಟ್ ಒಳಮೂಲೆ ಗುಂಡಗೆ, ನೀರಿಳಿಯುವ ಪೈಪು ನಾಲ್ಕಂಗುಲದ್ದು. ಹಾಕಿದ ಗಾರೆಯನ್ನು ಮರದ ಪಟ್ಟಿಯಿಂದ ಸುಮಾರು ವಾರವಿಡೀ ಬಡಿಯಬೇಕು. ಆ ತಾಳ್ಮೆಯ ಮೇಸ್ತ್ರಿ ಸಿಗುವುದೇ ಈಗ ಕಷ್ಟ, ಸಿಕ್ಕರೆ ಕೂಲಿಗೆ ಚೌಕಾಸಿ ಬೇಡ.

ಚೌಕಾಸಿ ಮಾಡಬೇಕಾದ್ದು ಮನೆಯ ಬೆಲೆಯಲ್ಲಿ. ಕೆಟ್ಟ ತುದಿಗಳನ್ನು ಎಣಿಸಿ ಬರೆದಿಟ್ಟುಕೊಳ್ಳಿ. ಮೂರರಲ್ಲಿ ಒಂದು ತೊಲೆ ಕೆಟ್ಟಿದ್ದರೆ ನನ್ನ ಲೆಕ್ಕದಲ್ಲಿ ಕಟ್ಟಡಕ್ಕೆ ಬೆಲೆಯಿಲ್ಲ, ನಿವೇಶನದ ದರವಷ್ಟೇ. ನಾಲ್ಕೈದು ತುದಿಗಳಾದರೆ ರಿಪೇರಿಯ ಅಂದಾಜು ಖರ್ಚಿನ ಮೇಲೆ ಕಾಲು ಭಾಗ ಸೇರಿಸಿ ಬೆಲೆಯಿಂದ ಕಳೆಯಿರಿ. ಪ್ಲಾಸ್ಟರ್ ಬಿಚ್ಚಿದ ದಿನ ಇನ್ನೂ ಒಂದೆರಡು ಸಿಕ್ಕೇ ಸಿಗುತ್ತವೆ.