ಮೌತ್ ಆರ್ಗನ್‌ನಲ್ಲಿ ಮಾಯಾಮಾಳವಗೌಳ: ಆರನೇ ತೂತಿನ ಧೈವತ ಕೊನೆಗೂ ಅಲುಗಾಡಿತು

ಬಂತು! ಆರನೇ ತೂತಿನ ಕೋಮಲ ಧೈವತ (ಕೆಳಗಿನ ಧ) ಈಗ ಆಂದೋಲನ, ಅಂದರೆ ನಿಧಾನ ತೂಗಾಟ, ಕೊಡುತ್ತಿದೆ. ಮಳೆಗಾಲ ಶುರುವಾದಾಗಿನಿಂದ ನನ್ನನ್ನು ಕಾಡಿದ್ದು ಈ ಒಂದೇ ಸ್ವರ. ಕವರ್ ಬಿಚ್ಚುವುದು, ಪ್ಲೇಟ್ ತೊಳೆಯುವುದು, ಒಳಗೆ ನುಡಿಯುವ ಹಿತ್ತಾಳೆ ನಾಲಿಗೆಯ, ಅಂದರೆ ರೀಡಿನ, ಗ್ಯಾಪ್ ಸರಿಮಾಡುವುದು, ಇದೆಲ್ಲ ನಿಮಗೆ ಗೊತ್ತೇ ಇದೆ. ಅದನ್ನು ಬಿಟ್ಟು ನೇರ ಧೈವತಕ್ಕೆ ಬರುತ್ತೇನೆ.

ಹೊಸದಾಗಿ ಓದುವವರಿಗೆ ಒಂದು ಮಾತು. ನನ್ನ ಹತ್ತಿರ ಇರುವುದು ಹತ್ತು ತೂತಿನ, ಸಿ ಕೀಯ ಡಯಾಟೋನಿಕ್. ಅದರ ಮೇಲೆ ಮಾಯಾಮಾಳವಗೌಳ ಬರಬೇಕು, ಸರಳೆ ವರಸೆಯಿಂದ ಹಿಡಿದು. ನಮ್ಮಲ್ಲಿ ಸಂಗೀತ ಕಲಿತ ಯಾವ ಮಗುವೂ ಮೊದಲು ಹಾಡುವುದು ಅದನ್ನೇ ಅಲ್ವಾ? ಪುಣೆಯಲ್ಲಿ ನನ್ನ ಸುತ್ತ ಇರುವವರಿಗೆ ಅದೇ ಸ್ವರಗಳು ಭೈರವ್. ಎರಡೂ ಒಂದೇ ವಾದ್ಯದಲ್ಲಿ ಬರಬೇಕು ಅನ್ನುವುದು ನನ್ನ ಆಸೆ.

ಡಯಾಟೋನಿಕ್ ಅಂದರೆ ಸಪ್ತಕಕ್ಕೆ ಏಳೇ ಸ್ವರ, ಪಿಯಾನೋದ ಬಿಳಿ ಮನೆಗಳಷ್ಟೇ. ಆದರೆ ಗ್ರಹಭೇದ, ಅಂದರೆ ಸಾ ಜಾಗ ಬದಲಿಸುವುದು, ಗೊತ್ತಿದ್ದವರಿಗೆ ಇದು ಬಡ ವಾದ್ಯವಲ್ಲ. ಸಿ ಇಂದ ಹೊರಟರೆ ಶಂಕರಾಭರಣ. ಡಿ ಯನ್ನು ಸಾ ಮಾಡಿಕೊಂಡರೆ ಖರಹರಪ್ರಿಯ. ಇ ಇಂದ ತೋಡಿ, ಎಫ್ ಇಂದ ಕಲ್ಯಾಣಿ, ಜಿ ಇಂದ ಹರಿಕಾಂಭೋಜಿ, ಎ ಇಂದ ನಟಭೈರವಿ. ಒಂದು ರೀಡನ್ನೂ ಮುಟ್ಟದೆ ಆರು ಮೇಳಕರ್ತ, ಅಂದರೆ ಏಳೂ ಸ್ವರದ ಮೂಲ ರಾಗ! ಬಿ ಇಂದ ಮಾತ್ರ ಪಂಚಮ ಸಿಗುವುದಿಲ್ಲ, ಅದನ್ನು ಬಿಡೋಣ. ಬ್ಲೂಸ್ ನುಡಿಸುವವರು ಸೆಕೆಂಡ್ ಪೊಸಿಷನ್, ಥರ್ಡ್ ಪೊಸಿಷನ್ ಅನ್ನುವುದು ಇದನ್ನೇ.

ಮಾಯಾಮಾಳವಗೌಳ ಮಾತ್ರ ಈ ಬಲೆಗೆ ಬೀಳುವುದಿಲ್ಲ. ರಿ ಕೋಮಲ, ಗ ಮೇಲಿನದು, ಧ ಕೋಮಲ, ನಿ ಮೇಲಿನದು. ಬಿಳಿ ಮನೆಗಳನ್ನು ಎಲ್ಲಿಂದ ತಿರುಗಿಸಿದರೂ ಈ ಜೋಡಣೆ ಬರುವುದಿಲ್ಲ.

"ಹಾಗಿದ್ದರೆ ಕ್ರೊಮ್ಯಾಟಿಕ್ ತಗೋ" ಅಂತ ಎಲ್ಲರೂ ಹೇಳುತ್ತಾರೆ. ಹನ್ನೆರಡು ಸ್ವರವೂ ಇರುವ ಮೌತ್ ಆರ್ಗನ್ ಅದು. ನನ್ನ ಬಳಿ ಹನ್ನೆರಡು ತೂತಿನದು ಒಂದಿದೆ. 48 ರೀಡ್, ಪ್ರತಿ ತೂತಿಗೆ ನಾಲ್ಕು. ಬಟನ್ ಒತ್ತಿದರೆ ಸ್ಲೈಡ್ ಸರಿದು ಅರ್ಧ ಸ್ವರ ಮೇಲಿನ ರೀಡ್‌ಗಳು ತೆರೆದುಕೊಳ್ಳುತ್ತವೆ. ಸಾ ಊದಿ ಬಟನ್ ಒತ್ತಿದರೆ ಕೋಮಲ ರಿ. ಪ ಊದಿ ಒತ್ತಿದರೆ ಕೋಮಲ ಧ. ಸರಳೆ ವರಸೆ ಎರಡು ಬೆರಳಿನ ಕೆಲಸ. ಹನ್ನೆರಡು ಸ್ವರವೂ ಕೈಯಲ್ಲೇ ಇವೆ. ಆದರೆ ಒಂದರಿಂದ ಇನ್ನೊಂದಕ್ಕೆ ಜಾರುವ ದಾರಿ ಇಲ್ಲ. ಬಟನ್ ಒತ್ತಿದ ತಕ್ಷಣ ಸ್ವರ ಹಾರುತ್ತದೆ. ಅದರ ಮೇಲೆ ಮಳೆಗಾಲದಲ್ಲಿ, ರೀಡಿನ ಸಂದಿ ಮುಚ್ಚುವ ತೆಳು ಪಟ್ಟಿಗಳಾದ ವಾಲ್ವ್‌ಗಳು ಅಂಟಿಕೊಂಡು ಪಟಪಟ ಅನ್ನುತ್ತವೆ.

ಇದೇ ಕೊರತೆ ಹಾರ್ಮೋನಿಯಂಗೂ ಇದೆ. ಹನ್ನೆರಡು ಸ್ವರ ಇದ್ದರೂ ಮೀಂಡ್, ಅಂದರೆ ಸ್ವರದಿಂದ ಸ್ವರಕ್ಕೆ ಜಾರುವುದು, ಇಲ್ಲ. ಆಕಾಶವಾಣಿ 1940ರಲ್ಲಿ ಅದನ್ನು ನಿಷೇಧಿಸಿತ್ತು. 1971ರಲ್ಲಿ ಆ ನಿಷೇಧ ಸಡಿಲವಾಯಿತು. ವೀಣೆ ನೋಡಿ, 24 ಮೆಟ್ಟಿಲು, ಎರಡು ಸಪ್ತಕಕ್ಕೆ ಹನ್ನೆರಡರಂತೆ. ಲೆಕ್ಕಕ್ಕೆ ಪೂರ್ತಿ ಕ್ರೊಮ್ಯಾಟಿಕ್. ಆದರೆ ತಂತಿಯನ್ನು ಎಳೆಯಬಹುದು, ಹಾಗಾಗಿ ಗಮಕ ಬರುತ್ತದೆ. ಸಿತಾರದವರು ಇನ್ನೂ ಒಂದು ಹೆಜ್ಜೆ ಮುಂದೆ: ರಾಗಕ್ಕೆ ತಕ್ಕಂತೆ ಮೆಟ್ಟಿಲನ್ನೇ ಸರಿಸುತ್ತಾರೆ. ನನಗೆ ಬೇಕಾದದ್ದೂ ಅದೇ. ವಾದ್ಯವನ್ನು ರಾಗಕ್ಕೆ ಶ್ರುತಿ ಮಾಡಬೇಕು, ಜಾರುವ ದಾರಿಯೂ ಉಳಿಯಬೇಕು.

ಡಯಾಟೋನಿಕ್‌ನಲ್ಲಿ ಆ ದಾರಿ ಹುಟ್ಟಿನಿಂದಲೇ ಇದೆ. ಒಂದೇ ತೂತಿನಲ್ಲಿ ಊದುವ ರೀಡ್, ಎಳೆಯುವ ರೀಡ್ ಎರಡೂ ಒಂದೇ ಗಾಳಿಯನ್ನು ಹಂಚಿಕೊಳ್ಳುತ್ತವೆ. ಎಳೆಯುವಾಗ ನಾಲಿಗೆ ಹಿಂದಕ್ಕೆ ಸರಿಸಿದರೆ ಸ್ವರ ಬಗ್ಗಿ, ಎರಡು ರೀಡ್‌ಗಳ ನಡುವಿನ ಜಾಗದಲ್ಲೆಲ್ಲ ಓಡಾಡುತ್ತದೆ. ಮೂರನೇ ತೂತಿನಲ್ಲಿ ನಿ ಎಳೆದು ಬಗ್ಗಿಸುತ್ತಾ ಹೋದರೆ ಕೋಮಲ ಧೈವತದವರೆಗೂ ಇಳಿಯಬಹುದು. ಮಂದ್ರದ ಆ ಧೈವತ ಎಷ್ಟು ಚೆಂದ ತೂಗುತ್ತದೆ ಅಂದರೆ, ಒಮ್ಮೆ ಕೇಳಿದ ಮೇಲೆ ಮಧ್ಯ ಸಪ್ತಕದಲ್ಲೂ ಅದೇ ಬೇಕು ಅನಿಸುತ್ತದೆ.

ಹಾಗೆ ನೋಡಿದರೆ, ನಾಲ್ಕರ ರಿ ಯನ್ನೂ ಆರರ ಧ ವನ್ನೂ ಬಗ್ಗಿಸಿದರೆ ಕೋಮಲ ಸಿಗುತ್ತದೆ. ವಿಳಂಬದಲ್ಲಿ ಚೆನ್ನಾಗಿಯೇ ಇರುತ್ತದೆ. ಆದರೆ ಪ್ರತಿ ಸಲವೂ ಬಗ್ಗಿಸಿಯೇ ಸ್ವರ ಹುಟ್ಟಿಸಬೇಕು. ಎರಡನೇ ಕಾಲದಲ್ಲಿ, ಅಂದರೆ ಎರಡು ಪಟ್ಟು ವೇಗದಲ್ಲಿ, ರಿ ಜಾರಿ ಮೇಲೆ ಹೋಗುತ್ತದೆ. ಮೂರನೇ ಕಾಲದಲ್ಲಿ ಮಾಯಾಮಾಳವಗೌಳ ಅಂತ ಹೇಳುವ ಹಾಗೇ ಇಲ್ಲ. ನಿಂತ ಸ್ವರವೇ ಬೇಕಾದಾಗ ಬೆಂಡ್ ಸಾಲದು. ಆದ್ದರಿಂದ ರೀಡನ್ನೇ ಇಳಿಸುವ ನಿರ್ಧಾರ. ಮೊದಲು ನಾಲ್ಕು ಮತ್ತು ಆರು. ಆಮೇಲೆ ಒಂದು, ಎಂಟು, ಹತ್ತು.

ಬುಡ ಕೆರೆದರೆ ಶ್ರುತಿ ಇಳಿಯುತ್ತದೆ, ತುದಿ ಕೆರೆದರೆ ಏರುತ್ತದೆ. ಸಣ್ಣ ತಿದ್ದುಪಡಿಗೆ ಇದು ಸರಿ. ಪೂರ್ತಿ ಅರ್ಧ ಸ್ವರ ಇಳಿಸಲು ಬುಡವನ್ನು ಕೆರೆದರೆ ರೀಡ್ ಅಲ್ಲಿ ತೆಳುವಾಗಿ, ಬೇಗ ದಣಿದು, ಬಿರುಕು ಬಿಡುತ್ತದೆ. ಪೇಟೆಯಲ್ಲಿ ಹಾರ್ಮೋನಿಯಂ ರಿಪೇರಿ ಮಾಡುವ ಕಾಕಾ ಒಬ್ಬರಿದ್ದಾರೆ. ಪ್ಲೇಟ್ ಅವರ ಕೈಗೆ ಕೊಟ್ಟು, "ಕಾಕಾ, ಇದನ್ನು ಇಷ್ಟು ಇಳಿಸಬಹುದಾ?" ಅಂತ ಕೇಳಿದೆ. ಕನ್ನಡಕ ಹಣೆಗೇರಿಸಿ ನೋಡಿದರು. ಗುಜರಾತಿನ ಪಾಲಿಟಾಣಾದ ಹಾರ್ಮೋನಿಯಂ ರೀಡ್‌ಗಳಲ್ಲೇ ಕೈ ಪಳಗಿದವರು. "ಕೆರೀಬೇಡ ಬಾಳಾ, ತುದಿಗೆ ತೂಕ ಕೊಡು" ಅಂದರು. ತುದಿಗೆ ಒಂದು ಚುಕ್ಕೆ ಸೋಲ್ಡರ್. ಹೆಚ್ಚಾದರೆ ಆ ಸೋಲ್ಡರನ್ನೇ ಕೆರೆಯಬಹುದು. ರೀಡ್‌ಗೆ ಏನೂ ಆಗುವುದಿಲ್ಲ. ಬೇಡ ಅನಿಸಿದರೆ ತೆಗೆದು ಹಳೆಯ ಶ್ರುತಿಗೆ ಮರಳಬಹುದು.

ಸೋಲ್ಡರ್ ತರಲು ಬುಧವಾರ ಪೇಟೆಯ ತಾಪಕೀರ್ ಗಲ್ಲಿಗೆ ಹೋದೆ. ತೆಳು ತಂತಿ ಕೇಳಿದರೆ, ಒಳಗಿಂದ ದಪ್ಪನೆಯದನ್ನೇ ತಂದು "ಎಲ್ಲ ಒಂದೇ" ಅಂತ ಕೈಗಿಡುತ್ತಾರೆ. ಎಲ್ಲ ಒಂದೇ ಅಲ್ಲ! ಈ ಕೆಲಸಕ್ಕೆ ಬೇಕಾದದ್ದು ಸಾಸಿವೆಗಿಂತ ಚಿಕ್ಕ ಚುಕ್ಕೆ. ಆನ್‌ಲೈನ್ ಮಾರಾಟಗಾರರ ಕಥೆ ಇನ್ನೂ ಬೇಸರದ್ದು. ಪ್ರಯೋಗಕ್ಕೆ ಅಂತ ಇನ್ನೊಂದು ಸಿ ತರಿಸಿದರೆ ಡಬ್ಬದ ಮೇಲೆ ಸಿ, ಒಳಗೆ ಜಿ. ಬಾಯಿಗೆ ಇಡುವ ವಸ್ತು, ವಾಪಸ್ ಇಲ್ಲ ಅಂದರು. ಬರೀ ರೀಡ್ ಪ್ಲೇಟ್ ಕೊಳ್ಳೋಣ ಅಂದರೆ ಅದರ ಬೆಲೆ ಹೊಸ ವಾದ್ಯದ ಹತ್ತಿರಕ್ಕೇ ಬರುತ್ತದೆ.

ಎಳೆಯುವ ರೀಡ್‌ಗಳು ಪ್ಲೇಟಿನ ಹೊರಗಡೆಯೇ ಇರುವುದು ನಮ್ಮ ಪುಣ್ಯ. ರೀಡಿನ ಕೆಳಗೆ ತೆಳು ತಗಡು ಸೇರಿಸಿ, ತುದಿಯನ್ನು ಉಜ್ಜಿ, ಫ್ಲಕ್ಸ್ ಹಚ್ಚಿ ಚುಕ್ಕೆ ಇಟ್ಟೆ. ನಾಲ್ಕು, ಆರು ಎರಡೂ ಸಲೀಸಾಗಿ ಇಳಿದವು. ಮೂರನೇ ಕಾಲದ ಸರಳೆ ವರಸೆ ನೀರಿಳಿದ ಹಾಗೆ ಬಂತು.

ಅದೇ ಸಂಜೆ ಕೊತ್ರೂಡಿನ ಮಾಮಾನ ಮನೆಗೆ ಒಯ್ದೆ. ಮಾಮಾ ಧಾರವಾಡದವನು. ಪುಣೆಯ ಸವಾಯಿ ಗಂಧರ್ವ ಸಂಗೀತೋತ್ಸವ ತಪ್ಪಿಸಿದವನಲ್ಲ. ಭೀಮಸೇನ ಜೋಶಿಯವರನ್ನು ಎದುರಿಗೆ ಕೂತು ಕೇಳಿದ ಕಿವಿ. ಭೈರವ್‌ನ ಆಲಾಪ ಸ್ವಲ್ಪ ನುಡಿಸಿದೆ. ಕಣ್ಣು ಮುಚ್ಚಿ ಕೇಳಿ, "ಸ್ವರ ಏನೋ ಬಂದದ. ಆದ್ರ ಧೈವತ ಮೊಳಿ ಹೊಡದಂಗ ನಿಂತದಲ್ಲೋ" ಅಂದ. "ಅಲುಗಾಡಿಸಲಿಕ್ಕೆ ಆಗಂಗಿಲ್ಲೇನು?"

ಆಗುತ್ತಿರಲಿಲ್ಲ. ಕಾರಣ ಸರಳ. ಮೊದಲು ಆರನೇ ತೂತಿನಲ್ಲಿ ಊದಿದರೆ ಪ, ಎಳೆದರೆ ತೀವ್ರ ಧ. ನಡುವೆ ಪೂರ್ತಿ ಒಂದು ಸ್ವರದ ಅಂತರ. ಎರಡು ರೀಡ್ ಸೇರಿ ಬಗ್ಗುವುದು ಆ ಅಂತರದಲ್ಲೇ. ಈಗ ಧೈವತವನ್ನು ಇಳಿಸಿದ ಮೇಲೆ ಪ ಮತ್ತು ಧ ಮಗ್ಗುಲಲ್ಲೇ ಕೂತಿವೆ. ಐದನೇ ತೂತಿನಲ್ಲಿ ಗ ಮತ್ತು ಮ ಇರುವ ಹಾಗೆ. ಐದರ ಮ ಎಷ್ಟು ಬಗ್ಗುತ್ತದೆ ಅಂತ ನಿಮಗೆಲ್ಲ ಗೊತ್ತು, ಸುಮ್ನೆ ಒಂದು ಚೂರು. ಸ್ವರ ಗಟ್ಟಿಯಾಯಿತು, ದಾರಿ ಮುಚ್ಚಿತು. ಡಯಾಟೋನಿಕ್‌ನಲ್ಲಿ ಇಲ್ಲದ ಸ್ವರಗಳ ಜಾಗದಲ್ಲೇ ಗಮಕ ಇತ್ತು. ಆ ಜಾಗ ತುಂಬಿದಷ್ಟೂ ವಾದ್ಯ ಕ್ರೊಮ್ಯಾಟಿಕ್‌ನ ಹಾಗೆ ಬಿಗಿಯಾಗುತ್ತದೆ.

ಇಲ್ಲಿ ಒಂದು ಮಾತು ಬೇರೆ ಕಡೆಗೆ. ಈ ಯೋಚನೆಯಲ್ಲೇ ಇದ್ದಾಗ ಬೀದಿಯಲ್ಲಿ ಬೆಂಜೋ ಪಾರ್ಟಿಯೊಂದು ಗಣಪತಿ ಹಬ್ಬಕ್ಕೆ ತಾಲೀಮು ನಡೆಸುತ್ತಿತ್ತು. ಬೆಂಜೋ ಅಂದರೆ ಬುಲ್‌ಬುಲ್ ತರಂಗ್. ಜಪಾನಿನ ತೈಶೋಗೊತೊ ಅದರ ಮೂಲ, 1912ರಲ್ಲಿ ನಾಗೋಯಾದಲ್ಲಿ ಹುಟ್ಟಿದ್ದು. ಟೈಪ್‌ರೈಟರ್ ಥರದ ಗುಂಡಿಗಳು, ಪೂರ್ತಿ ಕ್ರೊಮ್ಯಾಟಿಕ್. ಆದರೆ ಒಳಗೆ ಇರುವುದು ತಂತಿ! ಗುಂಡಿಯಾಚೆ ತಂತಿಯನ್ನು ಒತ್ತಲು ಒಂದು ಸನ್ನೆಕೋಲು ಕೂರಿಸಿದರೆ ಗಮಕ ಯಾಕೆ ಬರಬಾರದು? ಹಳೆಯದೊಂದು ಬೆಂಜೋ ಹುಡುಕುತ್ತಿದ್ದೇನೆ. ದೀಪಾವಳಿ ಕಳೆದ ಮೇಲೆ ಅದೇ ಕೆಲಸ.

ಮತ್ತೆ ಧೈವತಕ್ಕೆ. ಎರಡು ರೀಡ್ ಸೇರಿ ಬಗ್ಗಲು ಜಾಗವಿಲ್ಲದಿದ್ದರೆ, ಒಂದೇ ರೀಡ್ ಒಂಟಿಯಾಗಿ ಬಗ್ಗಬೇಕು. ಅದು ಆಗಬೇಕಾದರೆ, ಎಳೆಯುವಾಗ ಗಾಳಿ ಊದುವ ರೀಡಿನ ಸಂದಿಯಿಂದ ಸೋರಬಾರದು. ಆರನೇ ತೂತಿನ ಊದುವ ಪ್ಲೇಟಿನ ಹೊರಮೈಯಲ್ಲಿ, ಆ ಸಂದಿಯ ಮೇಲೆ ಒಂದು ವಾಲ್ವ್ ಅಂಟಿಸಿದೆ. ಊದಿದರೆ ಅದು ಏಳುತ್ತದೆ, ಪ ಎಂದಿನಂತೆ ನುಡಿಯುತ್ತದೆ. ಎಳೆದರೆ ಸಂದಿಗೆ ಬಿಗಿಯಾಗಿ ಕೂರುತ್ತದೆ. ಆಗ ಧೈವತ ಒಂಟಿ. ನಾಲಿಗೆ ಸರಿಸಿದರೆ ಅದು ಇಳಿಯುತ್ತದೆ, ಪ ಅಡ್ಡ ಬರುವುದಿಲ್ಲ. ಹಾಫ್ ವಾಲ್ವ್ ಹಾಕುವವರು ಕೆಳಗಿನ ಆರು ತೂತಿನಲ್ಲಿ ಎಳೆಯುವ ರೀಡಿನ ಸಂದಿಯನ್ನು ಮುಚ್ಚುತ್ತಾರೆ. ಊದುವ ಸ್ವರ ಬಗ್ಗಲಿ ಅಂತ. ನಮ್ಮ ರಾಗಕ್ಕೆ ಅದರ ತಿರುವುಮುರುವು ಬೇಕು.

ಕ್ರೊಮ್ಯಾಟಿಕ್‌ನ ವಾಲ್ವ್ ಎರಡು ಪದರದ್ದು, ಇಲ್ಲಿ ಬಿರುಸಾಯಿತು. ಪುಣೆಯಲ್ಲಿ ಬೇರೆ ವಾಲ್ವ್ ಸಿಗಲಿಲ್ಲ. ಮುಂಬೈನ ಅಂಗಡಿಯೊಂದು "ಬರುತ್ತೆ, ಬರುತ್ತೆ" ಅನ್ನುತ್ತಲೇ ಇದೆ. ಕೊನೆಗೆ ಕೆಲಸಕ್ಕೆ ಬಂದದ್ದು ಔಷಧಿ ಅಂಗಡಿಯ ಮೈಕ್ರೋಪೋರ್ ಟೇಪ್. ಅಂಟನ್ನು ಪೌಡರ್ ಹಾಕಿ ಸಾಯಿಸಿ, ರಿವೆಟ್ ಕಡೆಯ ತುದಿ ಮಾತ್ರ ಅಂಟುವಂತೆ ಬಿಟ್ಟೆ. ಹಗುರ, ಮೆತ್ತಗೆ, ಪಟಪಟ ಇಲ್ಲ. ಎಷ್ಟು ಕಾಲ ಬಾಳುತ್ತದೋ ನೋಡಬೇಕು. ಬದಲಿಸುವುದು ಹೇಗೂ ಸುಲಭ.

ಒಂದು ತೊಡಕು ಉಳಿದಿತ್ತು. ಬೆಂಡ್ ಕೆಳಗೆ ಮಾತ್ರ ಹೋಗುತ್ತದೆ, ಮೇಲೆ ಹೋಗುವುದಿಲ್ಲ. ಟ್ಯೂನರ್ ತೋರಿಸುವ 800 ಸೆಂಟ್‌ಗೆ (ಅರ್ಧ ಸ್ವರಕ್ಕೆ ನೂರು ಸೆಂಟ್ ಲೆಕ್ಕ) ಧೈವತವನ್ನು ನಿಲ್ಲಿಸಿದರೆ ಆಂದೋಲನವೆಲ್ಲ ಅದರ ಕೆಳಗೇ ಬೀಳುತ್ತದೆ, ಸ್ವರ ಸೋತಂತೆ ಕೇಳುತ್ತದೆ. ಟ್ಯೂನರ್ ಬದಿಗಿಟ್ಟು ತಂಬೂರಿ ಹಾಕಿಕೊಂಡೆ. ಸಾ ಜೊತೆ 8/5 ಅನುಪಾತದ ಧೈವತ ಸುಮಾರು 814 ಸೆಂಟ್. ಅದಕ್ಕಿಂತ ಕೆಳಗಿನದು, 128/81, ಸುಮಾರು 792. ನಡುವೆ 22 ಸೆಂಟ್. ಸೋಲ್ಡರನ್ನು ಚೂರು ಚೂರೇ ಕೆರೆದು ರೀಡನ್ನು 814ರ ಹತ್ತಿರ ತಂದೆ. ಈಗ ಸುಮ್ನೆ ಎಳೆದರೆ ತಂಬೂರಿಯೊಳಗೆ ಕರಗುತ್ತದೆ. ಅಲ್ಲಿಂದ ಕೆಳಗಿನದಕ್ಕೆ ನಿಧಾನ ತೂಗಿದರೆ, ನನ್ನ ಕಿವಿಗೆ ಅದು ಭೈರವ್‌ನ ಧೈವತ. ರೀಡನ್ನು ತೂಗಾಟದ ಮೇಲಂಚಿಗೆ ಶ್ರುತಿ ಮಾಡಬೇಕು, ಇಡೀ ಗುಟ್ಟು ಅಷ್ಟೇ. ವಾದ್ಯವನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿಕೊಂಡೇ ಅಳೆಯಿರಿ, ತಣ್ಣಗಿನ ಹಿತ್ತಾಳೆಯ ಶ್ರುತಿ ಸ್ವಲ್ಪ ಮೇಲಿರುತ್ತದೆ. ನಾಲ್ಕರ ರಿಷಭಕ್ಕೂ ಇದೇ ಉಪಾಯ, 16/15, ಸುಮಾರು 112 ಸೆಂಟ್.

ಮಾಮಾಗೆ ಫೋನಿನಲ್ಲೇ ಕೇಳಿಸಿದೆ. "ಹಾಂ, ಈಗ ಭೈರವ್ ಬಂತು ನೋಡು" ಅಂದ. ಆಮೇಲೆ ಇನ್ನೊಮ್ಮೆ ನುಡಿಸು ಅಂದ.

ಕೇಳದೆ ಬಂದ ಲಾಭವೂ ಇದೆ. ಶ್ರುತಿ ಮಾಡಿದ ಈ ವಾದ್ಯದಲ್ಲಿ ಮಧ್ಯಮವನ್ನು ಸಾ ಮಾಡಿಕೊಂಡರೆ ಸಿಂಹೇಂದ್ರಮಧ್ಯಮ ಸಿಗುತ್ತದೆ, ಕೋಮಲ ರಿಷಭದಿಂದ ಹೊರಟರೆ ರಸಿಕಪ್ರಿಯ. ಸಿಂಹೇಂದ್ರಮಧ್ಯಮದ ಮೇಲೆ ನನಗೆ ಮೊದಲಿಂದಲೂ ಪ್ರೀತಿ ಜಾಸ್ತಿ. ಅದಕ್ಕೇ ತಗ್ಗಿನ ಕೀಯ ಇನ್ನೊಂದು ವಾದ್ಯ ಮೀಸಲಿಡಬೇಕು.

ತಾರ ಸಪ್ತಕ ಇನ್ನೂ ಬಾಕಿ. ಅಲ್ಲಿ ಲೆಕ್ಕವೇ ತಿರುಗುತ್ತದೆ. ಎಂಟನೇ ತೂತಿನಲ್ಲಿ ಊದುವ ಗ ಮೇಲಿನದು, ಎಳೆಯುವ ರಿ ಕೆಳಗಿನದು. ರಿ ಇಳಿಸಿದರೆ ಅಂತರ ಮುಚ್ಚುವುದಿಲ್ಲ, ಇನ್ನೂ ಅಗಲವಾಗುತ್ತದೆ. ಅಂದರೆ ಗಾಂಧಾರ ಊದಿ, ಬಗ್ಗಿಸುತ್ತಾ ರಿಷಭದ ಹತ್ತಿರಕ್ಕೆ ಇಳಿದು, ಎಳೆದು ನಿಲ್ಲಬಹುದು. ವಾಲ್ವ್ ಬೇಕೇ ಇಲ್ಲ. ಹತ್ತರಲ್ಲಿ ಇನ್ನೂ ಹೆಚ್ಚು ಜಾಗ. ಕಷ್ಟ ಇರುವುದು ರೀಡಿನಲ್ಲಿ. ಹತ್ತರ ರೀಡ್ ತೀರಾ ಗಿಡ್ಡ, ಸೋಲ್ಡರ್ ಕೂದಲಷ್ಟು ಜಾಸ್ತಿಯಾದರೂ ಮೂಕವಾಗುತ್ತದೆ. ಅದಕ್ಕೆ ಮುಂಚೆ ಹಾಳಾದ ಪ್ಲೇಟುಗಳ ಮೇಲೆ ಕೈ ಪಳಗಿಸಬೇಕು. ಪುಣೆಯಲ್ಲಿ ಯಾರ ಹತ್ತಿರವಾದರೂ ಹತ್ತನೇ ರೀಡ್ ಮುರಿಯದ ಹಳೆಯ ಡಯಾಟೋನಿಕ್ ಬಿದ್ದಿದ್ದರೆ, ಯಾವ ಕೀ ಆದರೂ ಪರವಾಗಿಲ್ಲ, ನಾನೇ ಬಂದು ತಗೊಂಡು ಹೋಗುತ್ತೇನೆ.