ಐಮಂಗಲದ ಬೇವಿನ ನೆರಳಿನಲ್ಲಿ ನಲವತ್ತು ನಿಮಿಷ

ದಾವಣಗೆರೆಯ ಮದುವೆಗೆ ಬಸ್ಸಿನಲ್ಲಿಯೇ ಹೋಗೋಣವೆಂದು ಸೋದರಮಾವ ಎರಡು ಬಾರಿ ಹೇಳಿದ್ದರು. ನಾನು ಕೇಳಲಿಲ್ಲ. 1997ರಲ್ಲಿ ರಸ್ತೆಗಿಳಿದ, ಜರ್ಮನ್ ಮೂಲದ, ಒಂದು ಕಾಲಕ್ಕೆ ಯಾರೋ ಸಿರಿವಂತರ ಮನೆಯಂಗಳದಲ್ಲಿ ನಿಂತಿದ್ದ ಪೆಟ್ರೋಲ್ ಸೆಡಾನ್ ಕಾರೊಂದನ್ನು ಮೂರು ವರ್ಷಗಳ ಹಿಂದೆ ಹೊಸ ಸಣ್ಣ ಕಾರಿನ ಅರ್ಧ ಬೆಲೆಗೂ ಕಡಿಮೆ ಹಣ ಕೊಟ್ಟು ಕೊಂಡಿದ್ದೆ. ಅದರ ದೂರದ ಓಟದ ಸುಖವನ್ನು ಮಾವನಿಗೆ ತೋರಿಸಬೇಕೆಂಬ ಆಸೆಯಿತ್ತು. ಬೆಂಗಳೂರಿನಿಂದ ದಾವಣಗೆರೆಗೆ ಸುಮಾರು 260 ಕಿಲೋಮೀಟರ್. ತುಮಕೂರು, ಶಿರಾ ದಾಟುವವರೆಗೆ ಕಾರು ನನ್ನ ಮಾನ ಕಾಪಾಡಿತು. ಹಿಂದಿನ ಎಡಬಾಗಿಲಿನ ಗಾಜು ಇಳಿದದ್ದು ಮತ್ತೆ ಏರಲಿಲ್ಲ ಎಂಬುದನ್ನು ಬಿಟ್ಟರೆ ಹೇಳಿಕೊಳ್ಳುವ ತೊಂದರೆ ಇರಲಿಲ್ಲ.

ಹಿರಿಯೂರಿನಲ್ಲಿ ವೇದಾವತಿಯನ್ನು ದಾಟಿದಾಗ ಮಧ್ಯಾಹ್ನ ಹನ್ನೆರಡೂವರೆ. ಇದೇ ನದಿಗೆ ಅಡ್ಡವಾಗಿ ಮೈಸೂರು ಅರಸರ ಕಾಲದಲ್ಲಿ ಕಟ್ಟಿದ ಮಾರಿಕಣಿವೆಯ ಜಲಾಶಯ 1933ರ ನಂತರ 2022ರಲ್ಲಿ ಮೊದಲ ಬಾರಿಗೆ ಕೋಡಿ ಬಿದ್ದದ್ದನ್ನು ನೋಡಲು ಬಂದಿದ್ದ ಕಥೆಯನ್ನು ಮಾವ ಹೇಳುತ್ತಿದ್ದರು. ಏಪ್ರಿಲ್ ತಿಂಗಳ ಬಿಸಿಲಿಗೆ ಇಕ್ಕೆಲದ ಹೊಲಗಳು ಕಂದಿಹೋಗಿದ್ದವು. ದೂರದ ಗುಡ್ಡಗಳ ಮೇಲೆ ಗಾಳಿಯಂತ್ರಗಳ ರೆಕ್ಕೆಗಳು ಕಾಣತೊಡಗಿದವು. ಐಮಂಗಲ ಇನ್ನೇನು ಬಂತು ಎನ್ನುವಾಗ ಇಂಜಿನ್ ಕೆಮ್ಮಲಿಲ್ಲ, ಜಗ್ಗಲಿಲ್ಲ. ಯಾರೋ ಚಾವಿ ತಿರುಗಿಸಿದಂತೆ ಸದ್ದಿಲ್ಲದೆ ನಿಂತುಹೋಯಿತು. ಉರುಳುತ್ತಿದ್ದ ವೇಗದಲ್ಲಿಯೇ ಕಾರನ್ನು ರಸ್ತೆಯಂಚಿನ ಬೇವಿನ ಮರದ ಕೆಳಗೆ ತಂದು ನಿಲ್ಲಿಸಿದೆ.

"ಆನೆ ಸಾಕೋದು ಅಂದ್ರೆ ಇದೇ ಕಣೋ," ಎಂದು ಮಾವ ಇಳಿದು ಟವಲ್ ಕೊಡವಿ ಹಾಸಿಕೊಂಡರು.

ನನಗೆ ಈ ರೋಗ ಹೊಸದಲ್ಲ. ಎರಡು ತಿಂಗಳ ಹಿಂದೆ ಹೀಗೆಯೇ ನಿಂತಾಗ ಬೆಂಗಳೂರಿನ ಒಂದು ದೊಡ್ಡ ಗ್ಯಾರೇಜಿನವರು ಪೆಟ್ರೋಲ್ ಪಂಪ್ ಸತ್ತಿದೆಯೆಂದು ತೀರ್ಮಾನಿಸಿ, 18,000 ರೂಪಾಯಿಗೆ ಹೊಸದನ್ನು ಹಾಕಿ ಕಳಿಸಿದ್ದರು. ಅವರು ತೋರಿಸಿದ ಸಾಕ್ಷಿಯೂ ಸುಳ್ಳಲ್ಲ: ಸೆಲ್ಫ್ ಹೊಡೆಯುವಾಗ ಪಂಪ್ ನಿಜಕ್ಕೂ ಓಡುತ್ತಿರಲಿಲ್ಲ. ಹೊಸ ಪಂಪ್ ಇದ್ದೂ ಕಾರು ಮತ್ತೆ ನಿಂತಿತೆಂದರೆ ನೋಡುವ ಕ್ರಮದಲ್ಲಿಯೇ ಎಲ್ಲೋ ತಪ್ಪಿದೆ ಎನ್ನಿಸಿತು. ಚಾವಿಯನ್ನು ತಿರುಗಿಸಿ ಕಿವಿಗೊಟ್ಟೆ. ಹಿಂದಿನ ಸೀಟಿನ ಕಡೆಯಿಂದ ಪಂಪಿನ ಗುಂಯ್‌ಗುಡುವಿಕೆ ಒಂದೆರಡು ಸೆಕೆಂಡು ಕೇಳಿ ನಿಂತಿತು. ಅಂದರೆ ಪಂಪಿಗೂ ಅದರ ಫ್ಯೂಸಿಗೂ ಕೇಡಿಲ್ಲ. ಮಾವನನ್ನು ಕರೆದು, ನಾನು ಸೆಲ್ಫ್ ಹೊಡೆಯುವಾಗ, ಇಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆಯೆಂದು ತೋರಿಸುವ ಆರ್‌ಪಿಎಂ ಮುಳ್ಳನ್ನೇ ನೋಡುತ್ತಿರಲು ಹೇಳಿದೆ. ಮುಳ್ಳು ಸೊನ್ನೆಯಿಂದ ಕೂದಲೆಳೆಯಷ್ಟೂ ಏಳಲಿಲ್ಲ.

ಅಷ್ಟರಲ್ಲಿ ಅನುಮಾನ ಬೇರೆ ಕಡೆ ತಿರುಗಿತು. ಇಂತಹ ಕಾರುಗಳಲ್ಲಿ ಇಂಜಿನ್ನಿನ ಮುಖ್ಯ ದಂಡವಾದ ಕ್ರ್ಯಾಂಕ್ ಶಾಫ್ಟ್ ತಿರುಗುತ್ತಿದೆಯೆಂಬ ಸುದ್ದಿಯನ್ನು ಕಂಪ್ಯೂಟರಿಗೆ ಮುಟ್ಟಿಸಲು ಹೆಬ್ಬೆರಳ ಗಾತ್ರದ ಒಂದು ಸೆನ್ಸರ್ ಇರುತ್ತದೆ. ಅಯಸ್ಕಾಂತದ ಸುತ್ತ ಸುತ್ತಿದ ತಾಮ್ರದ ತಂತಿ, ಅಷ್ಟೇ. ಅದು ಸುಮ್ಮನಾದರೆ ಇಂಜಿನ್ ನಿಂತಿದೆಯೆಂದೇ ಕಂಪ್ಯೂಟರ್ ಭಾವಿಸುತ್ತದೆ, ಆರ್‌ಪಿಎಂ ಮುಳ್ಳೂ ಏಳುವುದಿಲ್ಲ. ಕಿಡಿಯನ್ನು ನಿಲ್ಲಿಸುತ್ತದೆ, ಅಪಘಾತವಾಗಿ ಇಂಜಿನ್ ಆರಿದಾಗ ಪೆಟ್ರೋಲ್ ಸುರಿಯುತ್ತಲೇ ಇರಬಾರದೆಂಬ ಎಚ್ಚರಿಕೆಯಿಂದ ಪಂಪನ್ನೂ ನಿಲ್ಲಿಸುತ್ತದೆ. ಗ್ಯಾರೇಜಿನವರು ಕಂಡದ್ದು ಪರಿಣಾಮವನ್ನು. ಬಿಲ್ಲು ಹಾಕಿದ್ದು ಅದನ್ನೇ ಕಾರಣವೆಂದು. ನನ್ನ ಕಾರಿನಲ್ಲಿ ಈ ಸೆನ್ಸರ್ ಇಂಜಿನ್ನಿನ ಹಿಂಬದಿಯಲ್ಲಿ, ಹೊಗೆಕೊಳವೆಯ ಬಿಸಿ ತಾಗುವ ಜಾಗದಲ್ಲಿದೆ. ವರ್ಷಗಳ ಕಾವಿಗೆ ಒಳಗಿನ ತಂತಿಯಲ್ಲಿ ಸಣ್ಣ ಬಿರುಕು ಬಿಟ್ಟರೆ, ಬಿಸಿಯಾದಾಗ ಬಿಟ್ಟುಕೊಂಡು ತಣಿದಾಗ ಮತ್ತೆ ಕೂಡಿಕೊಳ್ಳುತ್ತದೆ. ಕುಡಿಯುವ ನೀರಿನ ಬಾಟಲಿಯಲ್ಲಿ ಉಳಿದದ್ದನ್ನು ಬಟ್ಟೆಗೆ ಹಾಕಿ ಸೆನ್ಸರಿನ ಮೇಲೆ ಒತ್ತಿಟ್ಟು, ನಲವತ್ತು ನಿಮಿಷ ಕಾದು ಸೆಲ್ಫ್ ಹೊಡೆದೆ. ಮುಳ್ಳು ಎದ್ದಿತು, ಇಂಜಿನ್ನೂ ಎದ್ದಿತು.

ಚಿತ್ರದುರ್ಗವನ್ನು ಬೈಪಾಸಿನಲ್ಲಿಯೇ ದಾಟಿಬಿಡಬಹುದಿತ್ತು. ಆದರೆ ಮಾವನಿಗೆ ಊಟವಾಗಬೇಕಿತ್ತು, ನನಗೆ ಇಂಜಿನ್ನನ್ನು ಸ್ವಲ್ಪ ತಣಿಸಬೇಕಿತ್ತು. ಊರೊಳಗೆ ನಿಧಾನವಾಗಿ ಸಾಗುವಾಗ ಉಷ್ಣತೆಯ ಮುಳ್ಳು ಮೇಲೇರತೊಡಗಿತು. ಹೆದ್ದಾರಿಯಲ್ಲಿ ಅದು ನಡುವಿನಲ್ಲಿಯೇ ಇತ್ತು. ಓಡುವಾಗ ಎದುರುಗಾಳಿಯೇ ರೇಡಿಯೇಟರನ್ನು ತಣಿಸುತ್ತದೆ, ನಿಧಾನವಾದಾಗ ಆ ಕೆಲಸ ಫ್ಯಾನಿಗೆ ಬೀಳುತ್ತದೆ. ಹಾಗಾಗಿ ಎರಡನೆಯ ರೋಗಿ ಫ್ಯಾನ್ ಎಂಬುದು ಬಾನೆಟ್ ತೆರೆಯುವ ಮೊದಲೇ ಗೊತ್ತಾಯಿತು. ಕಾರನ್ನು ನೆರಳಿಗೆ ನಿಲ್ಲಿಸಿ ಕೋಟೆ ಹತ್ತಿದೆವು. ಮೇಲಿನ ಗೋಪಾಲಸ್ವಾಮಿ ಹೊಂಡ ತುಂಬಿದರೆ ನೀರು ಅಕ್ಕ ತಂಗಿಯರ ಹೊಂಡಕ್ಕೆ, ಅಲ್ಲಿಂದ ಕೆಳಗೆ ಊರಿನ ಕಡೆಗೆ ಇಳಿಯುವಂತೆ ಪಾಳೆಯಗಾರರ ಕಾಲದವರು ಮಾಡಿದ್ದನ್ನು ನೋಡುತ್ತ ನಿಂತಾಗ, ಬಿಸಿಗೆ ಉಬ್ಬಿದ ನೀರಿಗೆ ಜಾಗ ಕೊಡುವ ನನ್ನ ಕಾರಿನ ಪ್ಲಾಸ್ಟಿಕ್ ಟ್ಯಾಂಕಿನ ನೆನಪಾಗಿ ನಗು ಬಂತು. ಅದರ ಮುಚ್ಚಳವನ್ನು ಬಿಸಿಯಲ್ಲಿ ತೆರೆಯಲು ಹೊರಟಿದ್ದ ಮಾವನ ಕೈಯನ್ನು ಆಗಷ್ಟೇ ಹಿಡಿದು ತಡೆದಿದ್ದೆ. ಒತ್ತಡದಲ್ಲಿ ಕಾದ ಆ ನೀರು ಮುಚ್ಚಳ ತೆಗೆದೊಡನೆ ಕುದಿದು ಮುಖಕ್ಕೇ ಹಾರುತ್ತದೆ.

ಭರಮಸಾಗರ, ಆನಗೋಡು ದಾಟಿ ಸಂಜೆ ದಾವಣಗೆರೆ ಸೇರಿದೆವು. ಬೆಣ್ಣೆ ದೋಸೆಯ ವಿಷಯವನ್ನು ಎಲ್ಲರೂ ಬರೆದಿದ್ದಾರೆ. ನಾನು ಮಂಡಕ್ಕಿ ಮಿರ್ಚಿಯ ಪೊಟ್ಟಣ ಹಿಡಿದು ಪಿ.ಬಿ. ರಸ್ತೆಯ ಕಡೆ ಹೋದೆ. ಬಂಧುಗಳು ಹೇಳಿದ್ದ ಮೇಸ್ತ್ರಿಗೆ ಅರವತ್ತು ದಾಟಿರಬೇಕು. ಲಾರಿಗಳಲ್ಲಿ ಕೈ ಪಳಗಿದವರು.

"ಬಿಸಿ ಆದ್ಮೇಲೆ ನಿಲ್ತತೋ, ತಣ್ಣಗಿದ್ದಾಗ್ಲೂ ನಿಲ್ತತೋ, ಸರ್?" ಎಂಬುದು ಅವರ ಮೊದಲ ಪ್ರಶ್ನೆ. ಬೆಂಗಳೂರಿನಲ್ಲಿ ಯಾರೂ ಅದನ್ನು ಕೇಳಿರಲಿಲ್ಲ.

ಸೆನ್ಸರನ್ನು ಬಿಚ್ಚಿ ಮಲ್ಟಿಮೀಟರಿಗೆ ಹಚ್ಚಿದರು. ತಣ್ಣಗಿದ್ದಾಗ ಸಾವಿರ ಓಮ್‌ನ ಆಸುಪಾಸು ತೋರಿಸಿತು. ಮೊಮ್ಮಗಳ ಕೂದಲು ಒಣಗಿಸುವ ಯಂತ್ರವನ್ನು ತರಿಸಿ ಬಿಸಿಗಾಳಿ ಊದಿದರು. ಐದಾರು ನಿಮಿಷಕ್ಕೆ ಅಂಕಿ ಕುಣಿದಾಡಿ, ಕೊನೆಗೆ ಸಂಪರ್ಕವೇ ತಪ್ಪಿತು. ಫ್ಯಾನಿನ ನಡುವಿನ ಕ್ಲಚ್ಚಿನ ಮುಂದೆ ಕಪ್ಪು ಜಿಡ್ಡು ಹರಡಿದ್ದನ್ನು ಬೆರಳಿನಿಂದ ಒರೆಸಿ ತೋರಿಸಿ, ಒಳಗಿನ ಸಿಲಿಕೋನ್ ಎಣ್ಣೆ ಹೊರಗೆ ಬಂದಿದೆ, ಬಿಸಿಯಾದಾಗ ಅದು ಫ್ಯಾನನ್ನು ಹಿಡಿದು ತಿರುಗಿಸಲಾರದು ಎಂದರು. ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಕಚ್ಚಿಕೊಂಡು ಜಾರದಂತೆ ತಡೆಯುವ ಎಬಿಎಸ್ ವ್ಯವಸ್ಥೆಯ, ಆರು ತಿಂಗಳಿಂದ ಉರಿಯುತ್ತಿದ್ದ ದೀಪದ ಮಾತೆತ್ತಿದಾಗ ಅವರು ಚಕ್ರದ ಹತ್ತಿರಕ್ಕೂ ಹೋಗದೆ, ಇಂಜಿನ್ ಓಡುತ್ತಿರುವಾಗ ಬ್ಯಾಟರಿಯ ವೋಲ್ಟೇಜ್ ನೋಡಿದರು. ಹದಿನಾಲ್ಕರ ಹತ್ತಿರ ಇರಬೇಕಾದದ್ದು 12.7 ಇತ್ತು. ಬ್ಯಾಟರಿಗೆ ವಿದ್ಯುತ್ ತುಂಬುವ ಆಲ್ಟರ್ನೇಟರಿನ ಹಿಂದಿನ ರೆಗ್ಯುಲೇಟರನ್ನು ಬಿಚ್ಚಿದರೆ ಕಾರ್ಬನ್ ಬ್ರಷ್ಷುಗಳು ಸವೆದು ಮೊಂಡಾಗಿದ್ದವು. ಅವುಗಳನ್ನು ಬದಲಿಸಿದ ಮೇಲೆ ದೀಪ ಆರಿತು. ನಾನು ನಾಲ್ಕು ಚಕ್ರಗಳ ಸೆನ್ಸರುಗಳಿಗೆ ಹಣ ಕೂಡಿಸುತ್ತಿದ್ದೆನೆಂದು ಅವರಿಗೆ ಹೇಳಲಿಲ್ಲ.

ಕ್ರ್ಯಾಂಕ್ ಸೆನ್ಸರ್ ಹುಬ್ಬಳ್ಳಿಯಿಂದ ಬಸ್ಸಿನ ಪಾರ್ಸೆಲ್ಲಿನಲ್ಲಿ, ಮುಹೂರ್ತಕ್ಕೆ ಮೊದಲೇ ಬಂದು ತಲುಪಿತು. ಕೈಗೂಲಿ ಸೇರಿ 2,500 ರೂಪಾಯಿ. ಫ್ಯಾನ್ ಕ್ಲಚ್ ಮಾತ್ರ ಸಿಗಲಿಲ್ಲ. ಊರುಗಳ ಒಳಗೆ ಹೋಗದೆ ಹೆದ್ದಾರಿಯನ್ನೇ ಹಿಡಿದು, ಬಿಸಿಲೇರುವ ಮೊದಲು ಹೊರಡಿ ಎಂದು ಮೇಸ್ತ್ರಿ ಹೇಳಿದರು. ಬೀಗರ ಉಪಚಾರ ಮುಗಿಯುವ ಹೊತ್ತಿಗೆ ಮರುದಿನದ ಹನ್ನೊಂದು ಗಂಟೆಯೇ ಆಗಿತ್ತು.

ಐಮಂಗಲದ ಬೇವಿನ ಮರವನ್ನು ಮತ್ತೆ ಅದೇ ಉರಿಬಿಸಿಲಿನಲ್ಲಿ ದಾಟಿದೆವು. ಮಾವ ದಾರಿಯುದ್ದಕ್ಕೂ ಆರ್‌ಪಿಎಂ ಮುಳ್ಳನ್ನು ಬಿಟ್ಟು ಕಣ್ಣು ಕದಲಿಸಿರಲಿಲ್ಲ. ಶಿರಾದ ಹತ್ತಿರ ನಾಲ್ಕು ಹನಿ ಮಳೆ ಬಿದ್ದಾಗ ಅವರು ಹಿಂದಕ್ಕೆ ಕೈ ಚಾಚಿ, ಏರದ ಗಾಜಿನ ಸಂದಿಗೆ ತಮ್ಮ ಟವಲನ್ನು ತುರುಕಿದರು.