ಹಾಗಲ ಮೂಗು ಹೊರಹಾಕಲು ತೆಗೆದುಕೊಂಡ ನಿಮಿಷಗಳು

ನಮ್ಮ ಮನೆಗೆ ಆಫ್ರಿಕನ್ ಪಿಗ್ಮಿ ಹೆಡ್ಜ್‌ಹಾಗ್ ಎಂಬ ಮುಳ್ಳುಮೈಯ ಪುಟ್ಟ ಪ್ರಾಣಿ ಬಂದು ಇಂದಿಗೆ 58 ದಿನಗಳಾದವು. ಕ್ಯಾಲಿಫೋರ್ನಿಯಾದಲ್ಲಿದ್ದಷ್ಟು ಕಾಲವೂ ಮಗಳು ಇದೊಂದನ್ನೇ ಕೇಳುತ್ತಿದ್ದಳು. ಆ ರಾಜ್ಯದಲ್ಲಿ ಇದನ್ನು ಸಾಕುವುದು ಕಾನೂನಿಗೆ ವಿರುದ್ಧವೆಂದು ಹೇಳಿ ನಾನು ನಿಶ್ಚಿಂತನಾಗಿರುತ್ತಿದ್ದೆ. ಕೆಲಸದ ನಿಮಿತ್ತ ಟೆಕ್ಸಸ್‌ನ ಆಸ್ಟಿನ್‌ಗೆ ಬಂದ ಮೇಲೆ ಆ ನೆಪ ಉಳಿಯಲಿಲ್ಲ. ತಂದಾಗ ಮರಿಗೆ ಏಳು ವಾರ, ತೂಕ 214 ಗ್ರಾಂ. ಸುರುಳಿ ಸುತ್ತಿಕೊಂಡು ಪೆಟ್ಟಿಗೆಯ ಮೂಲೆಯಲ್ಲಿ ಬಿದ್ದಿದ್ದ ಅದನ್ನು ಕಂಡು ಹೆಂಡತಿ "ಥೇಟ್ ಮಡಹಾಗಲಕಾಯಿ" ಎಂದಳು. ಮಗಳು ಅದನ್ನು ಮೊಟಕುಗೊಳಿಸಿ ‘ಹಾಗಲ’ ಎಂದು ಹೆಸರಿಟ್ಟಳು.

ತೀರ್ಥಹಳ್ಳಿಯಲ್ಲಿರುವ ಅಮ್ಮನಿಗೆ ಫೋನಿನಲ್ಲಿ ಸುದ್ದಿ ತಿಳಿಸಿದಾಗ, "ಗೆಣಸಿನ ಗದ್ದೆ ಅಗೆದು ಹಾಳುಮಾಡೋ ಮುಳ್ಳುಹಂದೀನ ಮನೆ ಒಳಗೆ ತಂದುಕೊಂಡ್ಯೇನೋ?" ಎಂದು ಗಾಬರಿಗೊಂಡರು. ನಾವು ಮುಳ್ಳುಹಂದಿ ಎನ್ನುವ ಪ್ರಾಣಿ ಇಲಿಯ ಬಳಗಕ್ಕೆ ಸೇರಿದ್ದು. ಅದರ ಮುಳ್ಳು ಕಿತ್ತು ಎದುರಾಳಿಯ ಮೈಯಲ್ಲಿ ಉಳಿಯುತ್ತದೆ. ಹೆಡ್ಜ್‌ಹಾಗ್ ಸುಂಡಿಲಿಯ ದೂರದ ಬಂಧು, ಹುಳುಹುಪ್ಪಟೆ ತಿನ್ನುವ ಜೀವಿ; ಅದರ ಮುಳ್ಳು ಚುಚ್ಚಿದರೂ ಮೈಬಿಟ್ಟು ಬರುವುದಿಲ್ಲ. ಇಷ್ಟನ್ನೆಲ್ಲ ವಿವರಿಸಿದ ಮೇಲೆ ಅಮ್ಮ ಕೇಳಿದ್ದು ಒಂದೇ ಪ್ರಶ್ನೆ: "ಹಾಲು ಕುಡಿಯುತ್ತಾ?" ಕುಡಿಸಬಾರದು, ಹಾಲು ಇದಕ್ಕೆ ಅರಗುವುದಿಲ್ಲ.

ಸ್ನೇಹ ಬೆಳೆಯುತ್ತಿದೆಯೋ ಇಲ್ಲವೋ ಎಂಬುದನ್ನು ಊಹೆಗೆ ಬಿಡದೆ ಅಳೆಯಬೇಕೆಂದು ಮೊದಲ ದಿನವೇ ಒಂದು ನೋಟ್‌ಬುಕ್ ತೆರೆದೆ. ರಾತ್ರಿ ಒಂಬತ್ತಕ್ಕೆ, ಅದು ತಾನಾಗಿ ಏಳುವ ಹೊತ್ತಿಗೆ, ಮೆತ್ತನೆಯ ಬಟ್ಟೆಯೊಂದನ್ನು ತೊಡೆಯ ಮೇಲೆ ಹಾಸಿ ಅದರೊಳಗೆ ಹಾಗಲವನ್ನು ಇಟ್ಟುಕೊಂಡು, ಚೆಂಡಿನಂತಿರುವ ಮೈಯಿಂದ ಮೂಗು ಹೊರಬರಲು ಎಷ್ಟು ನಿಮಿಷ ಬೇಕಾಯಿತೆಂದು ಬರೆದಿಡುವುದು ಕ್ರಮ. ಬೆನ್ನಿನ ಸುತ್ತ ಇರುವ ಸ್ನಾಯುವೊಂದು, ಎಲೆಅಡಿಕೆ ಸಂಚಿಯ ದಾರ ಎಳೆದಂತೆ, ಇಡೀ ಚರ್ಮವನ್ನು ತಲೆ ಕಾಲುಗಳ ಮೇಲೆ ಎಳೆದು ಬಿಗಿಯುತ್ತದೆ. ಆ ದಾರ ಸಡಿಲಗೊಳ್ಳುವ ಕ್ಷಣವೇ ನನ್ನ ಲೆಕ್ಕದ ಕ್ಷಣ.

ಮೊದಲ ಮೂರು ದಿನ ಮುಟ್ಟಲೇ ಇಲ್ಲ. ಇದರ ಕಣ್ಣು ಮಂದ, ಮೂಗು ಮತ್ತು ಕಿವಿ ಬಹಳ ಚುರುಕು. ಆದ್ದರಿಂದ ಎರಡು ದಿನ ತೊಟ್ಟು ಒಗೆಯದೆ ಬಿಟ್ಟ ಬನಿಯನ್ನನ್ನು ಅದು ಮಲಗುವ ಗೂಡಿನೊಳಗೆ ತುರುಕಿ ಸುಮ್ಮನಾದೆ. ಕೈಗವಸು ಹಾಕಿಕೊಳ್ಳುವ ಆಸೆಯೂ ಆಗಿತ್ತು. ಆದರೆ ಗವಸಿನ ವಾಸನೆಯನ್ನು ಕಲಿತ ಪ್ರಾಣಿಗೆ ಮುಂದೆ ಬರಿಗೈಯನ್ನು ಮತ್ತೆ ಮೊದಲಿನಿಂದ ಪರಿಚಯಿಸಬೇಕಾಗುತ್ತದೆಂದು ತೋರಿ, ಚುಚ್ಚಿಸಿಕೊಳ್ಳುವುದೇ ಲೇಸೆಂದು ತೀರ್ಮಾನಿಸಿದೆ. ನಾಲ್ಕನೆಯ ರಾತ್ರಿಯ ದಾಖಲೆ: 41 ನಿಮಿಷ. ಅಷ್ಟು ಹೊತ್ತೂ ಅದು ಕುಕ್ಕರ್ ಕೂಗುವ ಮುನ್ನ ಹೊರಡಿಸುವಂತಹ ಸದ್ದು ಮಾಡುತ್ತ, ನಾನು ಉಸಿರು ಜೋರಾಗಿ ಬಿಟ್ಟರೂ ಮೇಲಕ್ಕೆ ಜಿಗಿಯುತ್ತಿತ್ತು.

ಆರನೆಯ ರಾತ್ರಿ ನಡೆದದ್ದನ್ನು ಬರೆಯಲು ಈಗಲೂ ಸಂಕೋಚವಾಗುತ್ತದೆ. ಎತ್ತಿಕೊಂಡಾಗ ಬುಸುಗುಟ್ಟಲಿಲ್ಲ, ಮುಳ್ಳು ಅಷ್ಟಾಗಿ ನಿಮಿರಲಿಲ್ಲ, ಎರಡೇ ನಿಮಿಷದಲ್ಲಿ ಮುಖ ಕಂಡಿತು. ಇಷ್ಟು ಬೇಗ ಒಲಿಯಿತಲ್ಲ ಎಂದು ಹಿಗ್ಗಿ ನೋಟ್‌ಬುಕ್ಕಿನಲ್ಲಿ ಎರಡು ನಕ್ಷತ್ರ ಬಿಡಿಸಿದೆ. ಕೆಳಗೆ ಬಿಟ್ಟಾಗ ಅದು ಕುಡಿದವರಂತೆ ತೂರಾಡಿತು. ಹೊಟ್ಟೆ ಮುಟ್ಟಿ ನೋಡಿದರೆ ತಣ್ಣಗಿತ್ತು. ಹೊರಗಿನ ಬಿಸಿಲಿಗೆ ಹೆದರಿ ನಾವು ಏಸಿಯನ್ನು 20 ಡಿಗ್ರಿಗೆ ಇಳಿಸಿದ್ದೆವು. ಇದಕ್ಕೆ ಸುಮಾರು 24ರಿಂದ 27 ಡಿಗ್ರಿ ಸೆಲ್ಸಿಯಸ್ ಬೇಕು. ಚಳಿ ತಗುಲಿದರೆ ಮೈ ಶೀತನಿದ್ರೆಗೆ ಜಾರಲು ನೋಡುತ್ತದೆ, ಸಾಕಿದ ಹೆಡ್ಜ್‌ಹಾಗ್‌ಗಳಲ್ಲಿ ಅದು ಪ್ರಾಣಕ್ಕೇ ಎರವಾಗಬಹುದು. ಅಂಗಿಯೊಳಗೆ ಎದೆಗೆ ಒತ್ತಿಕೊಂಡು ಮುಕ್ಕಾಲು ಗಂಟೆ ಕುಳಿತ ಮೇಲೆ ಒಳಗಿನಿಂದ ಬುಸ್ ಎಂಬ ಸದ್ದು ಬಂದು, ಎದೆಗೆ ಹತ್ತಿಪ್ಪತ್ತು ಕಡೆ ಒಟ್ಟಿಗೆ ಚುಚ್ಚಿತು. ಅಷ್ಟು ಸಂತೋಷದಿಂದ ನಾನು ಹಿಂದೆಂದೂ ಚುಚ್ಚಿಸಿಕೊಂಡಿರಲಿಲ್ಲ. ಮರುದಿನ ವೈದ್ಯರಿಗೆ ತೋರಿಸಿ, ಬೆಳಕು ಬೀರದ ಸೆರಾಮಿಕ್ ಹೀಟರ್ ಮತ್ತು ಥರ್ಮೋಸ್ಟಾಟ್ ತಂದು ಗೂಡಿಗೆ ಅಳವಡಿಸಿದೆ. ನಕ್ಷತ್ರಗಳನ್ನು ಹೊಡೆದುಹಾಕಿದೆ.

ಹದಿನಾಲ್ಕನೆಯ ದಿನದ ವೇಳೆಗೆ ಲೆಕ್ಕ 19 ನಿಮಿಷಕ್ಕೆ ಇಳಿದಿತ್ತು. ಹದಿನಾರನೆಯ ದಿನ ಸಾರಿಗೆ ಒಗ್ಗರಣೆ ಹಾಕಿ, ಕೈಯನ್ನು ಹೆಸರಿಗಷ್ಟೇ ತೊಳೆದು ಬಂದು ಕುಳಿತೆ. ಹಾಗಲ ಮೂಗು ಹೊರಹಾಕಿ ನನ್ನ ತೋರುಬೆರಳನ್ನು ಮೂಸಿತು, ನೆಕ್ಕಿತು, ಇನ್ನೊಮ್ಮೆ ನೆಕ್ಕಿತು, ಆಮೇಲೆ ಕಚ್ಚಿ ಹಿಡಿದೇಬಿಟ್ಟಿತು. ಕೈ ಎಳೆದುಕೊಳ್ಳಬಾರದು, ಎಳೆದರೆ, ಕಚ್ಚಿದರೆ ಬಿಡುಗಡೆ ಸಿಗುತ್ತದೆಂಬ ಪಾಠವನ್ನು ನಾವೇ ಕಲಿಸಿದಂತಾಗುತ್ತದೆ. ಹಲ್ಲು ಕಚ್ಚಿ ಕುಳಿತೆ, ಅದೂ ಕಚ್ಚಿಯೇ ಕುಳಿತಿತ್ತು. ಬಿಟ್ಟ ಮೇಲೆ ಬಾಯಿತುಂಬ ನೊರೆ ಮಾಡಿಕೊಂಡು, ಕತ್ತನ್ನು ಅಸಾಧ್ಯವೆನಿಸುವಷ್ಟು ಹಿಂದಕ್ಕೆ ತಿರುಚಿ, ಉದ್ದ ನಾಲಿಗೆಯಿಂದ ಆ ನೊರೆಯನ್ನು ಬೆನ್ನಿನ ಮುಳ್ಳುಗಳಿಗೆ ಬಳಿದುಕೊಳ್ಳತೊಡಗಿತು. ಹೊಸ ವಾಸನೆ ಸಿಕ್ಕಾಗ ಇವು ಹೀಗೆ ಮಾಡುವುದು ಸಹಜವಾದ ಅಭ್ಯಾಸ, ರೋಗವಲ್ಲ. ಎರಡು ದಿನ ನಮ್ಮ ಹೆಡ್ಜ್‌ಹಾಗ್ ಇಂಗಿನ ಡಬ್ಬಿಯಂತೆ ಘಮಘಮಿಸಿತು. ಅಂದಿನಿಂದ ಮುಟ್ಟುವ ಮುನ್ನ ವಾಸನೆಯಿಲ್ಲದ ಸೋಪಿನಲ್ಲಿ ಕೈ ತೊಳೆಯುವುದು ನಿಯಮವಾಯಿತು. ಸಾಲ್ಮೊನೆಲ್ಲಾ ಸೋಂಕಿನ ಭಯದಿಂದ ಮುಟ್ಟಿದ ಮೇಲೆ ತೊಳೆಯುವುದು ಮೊದಲೇ ರೂಢಿಯಲ್ಲಿತ್ತು.

ಇಪ್ಪತ್ತೆರಡನೆಯ ದಿನ ಹಾಸಿನ ಮೇಲೆ ಉದುರಿದ ಮುಳ್ಳುಗಳು ಕಂಡವು, ಎಣಿಸಿದೆ, 31. ಮರಿಯ ಸಣ್ಣ ಮುಳ್ಳು ಉದುರಿ ದಪ್ಪ ಮುಳ್ಳು ಚರ್ಮವನ್ನು ಸೀಳಿಕೊಂಡು ಬರುವ ಕಾಲವಿದು, ಹಲ್ಲು ಬರುವ ಕೂಸಿನ ಹಾಗೆ ರಂಪ ಸಹಜ. ಬೆರಳು ಸೋಂಕಿದರೂ ನೋವಾಗುತ್ತಿದ್ದುದರಿಂದ ಮೂರು ವಾರ ಸವರುವುದನ್ನು ಪೂರ್ತಿ ನಿಲ್ಲಿಸಿ, ತೊಡೆಯ ಮೇಲೆ ಇಟ್ಟುಕೊಂಡು ಗಟ್ಟಿಯಾಗಿ ದಿನಪತ್ರಿಕೆ ಓದುತ್ತ ಕೂತೆ. ನಿಮಿಷಗಳು 33ಕ್ಕೆ ಏರಿದವು. ಅವನ್ನು ಹಿನ್ನಡೆಯೆಂದು ಬರೆಯಲಿಲ್ಲ. ಬಹುಮಾನಕ್ಕೆಂದು ತಂದ ಒಣ ಮೀಲ್‌ವರ್ಮ್ ಹುಳುಗಳನ್ನೂ ದಿನಕ್ಕೆ ಎರಡಕ್ಕಿಂತ ಹೆಚ್ಚು ಕೊಡಲಿಲ್ಲ, ಕೊಬ್ಬು ಬೇಗ ಕಟ್ಟುತ್ತದೆ. ಶುದ್ಧ ಸಸ್ಯಾಹಾರಿಯಾದ ಹೆಂಡತಿ ಅವುಗಳ ಡಬ್ಬಿಯ ಮೇಲೆ "ಅಡುಗೆಮನೆಗೆ ಪ್ರವೇಶವಿಲ್ಲ" ಎಂದು ಚೀಟಿ ಅಂಟಿಸಿದ್ದಾಳೆ.

ನಲವತ್ತೈದನೆಯ ದಿನದ ನಂತರ ಬದಲಾವಣೆ ಬೇಗ ಬೇಗ ಬಂತು. ಹಣೆಯ ಮುಳ್ಳುಗಳನ್ನು ಗಮನಿಸುವುದನ್ನು ಆಗ ಕಲಿತೆ: ಅನುಮಾನ ಬಂದ ಕೂಡಲೇ ಅವು ಟೋಪಿಯ ಅಂಚಿನಂತೆ ಕಣ್ಣಿನ ಮೇಲೆ ಇಳಿಯುತ್ತವೆ, ಮಿಕ್ಕ ಮೈ ಸಮಾಧಾನದಿಂದಿದ್ದರೂ ಆ ಅಂಚು ಮೇಲೇಳದೆ ಕೈ ಮುಂದೆ ಮಾಡಬಾರದು. ಐವತ್ತೊಂದನೆಯ ರಾತ್ರಿ 6 ನಿಮಿಷ. ಐವತ್ತಾರನೆಯ ರಾತ್ರಿ 3 ನಿಮಿಷ. ಈ ಸಲ ನಕ್ಷತ್ರ ಬಿಡಿಸುವ ಮುನ್ನ ಹೊಟ್ಟೆ ಮುಟ್ಟಿ ನೋಡಿದೆ, ಬೆಚ್ಚಗಿತ್ತು.

ನಿನ್ನೆ ಉಗುರು ಕತ್ತರಿಸುವ ಮೊದಲ ಪ್ರಯತ್ನ ನಡೆಯಿತು. ಒಂದು ಅಂಗುಲ ಎತ್ತರ ಉಗುರುಬೆಚ್ಚಗಿನ ನೀರು ನಿಲ್ಲಿಸಿದ ಬೇಸಿನ್ನಿನಲ್ಲಿ ಹಾಗಲವನ್ನು ಬಿಟ್ಟರೆ ಸುರುಳಿ ಸುತ್ತಿಕೊಳ್ಳುವುದಿಲ್ಲ, ನಿಂತುಕೊಳ್ಳುತ್ತದೆ. ಆಗ ಮಗಳು ಟಾರ್ಚ್ ಹಿಡಿದಳು, ನಾನು ಕಾಲು ಹಿಡಿದೆ. ಮುಂಗಾಲಿನ ನಾಲ್ಕು ಉಗುರು ಮುಗಿಯುವಷ್ಟರಲ್ಲಿ ಹಣೆಯ ಅಂಚು ಇಳಿಯಿತು, ಅಲ್ಲಿಗೇ ನಿಲ್ಲಿಸಿದೆವು. ತೂಕ ಈಗ 338 ಗ್ರಾಂ. ಉಳಿದ ಉಗುರುಗಳು ಭಾನುವಾರಕ್ಕೆ.